ಇಂಗ್ಲಿಷ್ ಮೂಲ ಮತ್ತು ತಲೆಎಣಿಕೆ

ಮಾಯಕೊಂಡದ ಬಂಧುಗಳೆ,

ನಿಮ್ಮೂರ ನಿಲ್ದಾಣದ ಮೂಲಕ ಹಾದುಹೋಗುವ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ಬ್ರಿಟಿಷರ ಕಾಲದ್ದು. ಆಗ ದೇಶದ ರೈಲುಗಳ ಡ್ರೈವರು, ಗಾರ್ಡುಗಳಲ್ಲಿ ಆಂಗ್ಲೋ ಇಂಡಿಯನ್ನರು ಬಹಳ ಮಂದಿ ಇದ್ದರು. ಅವರ ತಂದೆಯ ಕಡೆಯ ಪೂರ್ವಜರು ಯುರೋಪಿನವರು. ಅವರು ಹುಟ್ಟಿ ಬೆಳೆದದ್ದು ಇಲ್ಲಿ. ಮನೆಮಾತು ಇಂಗ್ಲಿಷ್. ಇಂದು ಅವರು ಎಷ್ಟು ಮಂದಿ ಎಂಬ ಸರಳ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ.

ಮೊದಲು ಇವರನ್ನು 'ಯುರೇಷಿಯನ್' ಎನ್ನುತ್ತಿದ್ದರು. 'ಆಂಗ್ಲೋ ಇಂಡಿಯನ್' ಎಂದರೆ ಭಾರತದಲ್ಲಿ ನೆಲೆಸಿದ್ದ ಇಂಗ್ಲಿಷರೆಂದೇ ಅರ್ಥವಿತ್ತು. 1911ರಲ್ಲಿ ಸರ್ಕಾರ ಆ ಹೆಸರನ್ನು ಮಿಶ್ರ ಮೂಲದವರಿಗೆ ಕೊಟ್ಟಿತು. ಅದಕ್ಕೂ ಮುನ್ನ, 1882ರಲ್ಲಿ, ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಈ ಸಮುದಾಯದ ಸಂಘಕ್ಕೆ ಬೆಂಗಳೂರಿನ ಬಳಿ 3,900 ಎಕರೆ ಭೂಮಿ ನೀಡಿದ್ದರು. ಬೇಸಾಯ ಮಾಡಿ ಬದುಕಲೆಂದು ಹುಟ್ಟಿದ ಆ ವಸಾಹತೇ ಸಂಘದ ಡಿ.ಎಸ್. ವೈಟ್ ಅವರ ಹೆಸರಿನಿಂದ ವೈಟ್‌ಫೀಲ್ಡ್ ಆಯಿತು. ಕೋಲಾರದ ಚಿನ್ನದ ಗಣಿಗಳಲ್ಲೂ ಇವರ ದೊಡ್ಡ ನೆಲೆಯಿತ್ತು.

ಸಂವಿಧಾನದ 366ನೇ ವಿಧಿ ಆಂಗ್ಲೋ ಇಂಡಿಯನ್ ಯಾರೆಂದು ಹೇಳುತ್ತದೆ. ಅದರ ಪ್ರಕಾರ ಗಂಡುಪೀಳಿಗೆಯ ಸಾಲಿನಲ್ಲಿ ಯುರೋಪಿಯನ್ ಮೂಲವಿರಬೇಕು. ಪೋರ್ಚುಗೀಸ್, ಡಚ್ ಮೂಲದವರೂ ಇದರಲ್ಲಿ ಸೇರುತ್ತಾರೆ. ಆದರೆ ತಾಯಿ ಮಾತ್ರ ಈ ಸಮುದಾಯದವಳಾದರೆ ಮಗು ಸೇರುವುದಿಲ್ಲ. ಹೀಗೆ ಗುರುತಿಸಿದವರಿಗೆ ಲೋಕಸಭೆಯಲ್ಲಿ ಎರಡು, ಕರ್ನಾಟಕ ವಿಧಾನಸಭೆಯಲ್ಲಿ ಒಂದು ನಾಮಕರಣದ ಸ್ಥಾನವಿತ್ತು.

2019ರ ಡಿಸೆಂಬರಿನಲ್ಲಿ ಕಾನೂನು ಸಚಿವರು ಸಂಸತ್ತಿನಲ್ಲಿ ಒಂದು ಅಂಕಿ ಹೇಳಿದರು: 2011ರ ಜನಗಣತಿಯಂತೆ ದೇಶದಲ್ಲಿರುವ ಆಂಗ್ಲೋ ಇಂಡಿಯನ್ನರು 296 ಮಂದಿ! ಸಮುದಾಯದವರು ಇದನ್ನು ಒಪ್ಪಲಿಲ್ಲ. ಗಣತಿಯ ನಮೂನೆಯಲ್ಲಿ ಧರ್ಮ, ಪರಿಶಿಷ್ಟ ಜಾತಿ–ಪಂಗಡ, ಮಾತೃಭಾಷೆಗೆ ಕಾಲಂಗಳಿದ್ದವು. ಆಂಗ್ಲೋ ಇಂಡಿಯನ್ ಎಂದು ಬರೆಸಲು ಪ್ರತ್ಯೇಕ ಕಾಲಂ ಇರಲಿಲ್ಲ. ಆದರೂ 2020ರ ಜನವರಿ 25ರಿಂದ ಆ ಸ್ಥಾನಗಳು ಇಲ್ಲವಾದವು. ಅದೇ 104ನೇ ತಿದ್ದುಪಡಿ ಪರಿಶಿಷ್ಟರ ಮೀಸಲಾತಿಯನ್ನು ಮತ್ತೆ ಹತ್ತು ವರ್ಷ ಮುಂದುವರಿಸಿತು. 2008ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲಾಗಿರುವ ಕ್ಷೇತ್ರದ ನಿಮಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ ಬದಲಾದರೆ ಲೆಕ್ಕವೂ ಬದಲಾಗುತ್ತದೆ ಎಂಬುದಕ್ಕೆ ಅಮೆರಿಕ ಒಳ್ಳೆಯ ಉದಾಹರಣೆ. 1980ರ ಗಣತಿಯಲ್ಲಿ ಅಲ್ಲಿನ ಸುಮಾರು 4.96 ಕೋಟಿ ಜನ ತಮ್ಮದು ಇಂಗ್ಲಿಷ್ ಮೂಲವೆಂದರು. 1990ರಲ್ಲಿ ಹಾಗೆಂದವರು 3.27 ಕೋಟಿ. ಹತ್ತು ವರ್ಷದಲ್ಲಿ ಯಾರೂ ಅಜ್ಜನನ್ನು ಬದಲಿಸಿಕೊಂಡಿರಲಿಲ್ಲ. ನಮೂನೆಯಲ್ಲಿ ಉದಾಹರಣೆಗೆಂದು ಕೊಡುವ ಹೆಸರುಗಳಲ್ಲಿ ಆ ಬಾರಿ 'ಇಂಗ್ಲಿಷ್' ಇರಲಿಲ್ಲ. 'ಅಮೆರಿಕನ್' ಎಂದಷ್ಟೇ ಬರೆಸಿದವರೂ ಬಹಳ. 2020ರಲ್ಲಿ ಉದಾಹರಣೆಗಳಲ್ಲಿ ಆ ಹೆಸರಿತ್ತು, ಸಂಖ್ಯೆ 4.66 ಕೋಟಿಗೆ ಏರಿತ್ತು.

ಅಲ್ಲಿ ಬಹುಸಂಖ್ಯಾತರಿಗೆ ಇದು ಕುತೂಹಲದ ಸಂಗತಿ. ಅಂಕಿ ಏರಲಿ, ಇಳಿಯಲಿ, ಅವರು ಕಳೆದುಕೊಳ್ಳುವುದೇನೂ ಇಲ್ಲ. ಸಣ್ಣ ಸಮುದಾಯದ ಪಾಡು ಹಾಗಲ್ಲ. ಕಾಗದದ ಮೇಲಿನ ಒಂದು ಅಂಕಿ ಅದನ್ನು ಸದನದಿಂದಲೇ ಹೊರಗಿಡಬಹುದು. 2027ರ ಜನಗಣತಿಯಲ್ಲಿ ಜಾತಿಯ ಎಣಿಕೆಯೂ ಇರುವುದೆಂದು ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. ಎಣಿಕೆಗೆ ಬಂದವರು ಏನು ಕೇಳಿದರು, ನಾವು ಹೇಳಿದ್ದನ್ನು ಯಾವ ಹೆಸರಿನಲ್ಲಿ ಬರೆದುಕೊಂಡರು ಎಂಬುದನ್ನು ನೋಡಿಕೊಳ್ಳುವುದು ಎಲ್ಲರ ಕೆಲಸ.