ಬಾಲಗ್ರಂಥಗಳಲ್ಲಿ ಚಿತ್ರವು ಮಾಡುವ ಉಪದೇಶ



ಶಾಸ್ತ್ರಜ್ಞರು ಉಪದೇಶವನ್ನು ಹಲವು ಬಗೆಯಾಗಿ ವಿಂಗಡಿಸಿರುವರು. ಒಡೆಯನಂತೆ ಆಜ್ಞಾಪಿಸುವುದು ಪ್ರಭುಸಂಮಿತ. ಗೆಳೆಯನಂತೆ ತಿಳಿಯಹೇಳುವುದು ಸುಹೃತ್ಸಂಮಿತ. “ಮನುಷ್ಯರಲ್ಲಿ ಮೇಲುಕೀಳೆಣಿಸಬೇಡ” ಎಂದು ಬಾಲಕನಿಗೆ ಆಜ್ಞಾಪಿಸಿದರೆ ಅವನು ತಲೆಯಾಡಿಸಿ ಮರೆಯುವನು. ಅದನ್ನೇ ಒಳ್ಳೆಯ ಚಿತ್ರವೊಂದು ಗೆಳೆಯನಂತೆ ಕೈಹಿಡಿದು ತೋರಿಸಿದರೆ, ಅವನೇ ಪ್ರಶ್ನೆ ಕೇಳತೊಡಗುವನು.

ಇದಕ್ಕೆ ನಿದರ್ಶನವು, 2011ರಲ್ಲಿ ದೆಹಲಿಯ ನವಯಾನ ಪ್ರಕಾಶನದವರು ಇಂಗ್ಲಿಷಿನಲ್ಲಿ ಹೊರತಂದ ‘ಭೀಮಾಯಣ’ವೆಂಬ ಚಿತ್ರಕಥಾಗ್ರಂಥ. ಡಾಕ್ಟರ್ ಅಂಬೇಡ್ಕರರ ಜೀವನದ ಸಂಗತಿಗಳೇ ಅದರ ವಸ್ತು. ಶ್ರೀವಿದ್ಯಾ ನಟರಾಜನ್, ಎಸ್. ಆನಂದ್ ಇವರು ಕಥನವನ್ನು ರಚಿಸಿದರು. ಮಧ್ಯಪ್ರದೇಶದ ಪರ್ಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿಗಳು ಚಿತ್ರಗಳನ್ನು ಬರೆದರು.

ಶಾಲೆಯಲ್ಲಿ ಬಾಲಕ ಭೀಮನು ಬಾಯಾರಿದರೂ ನಲ್ಲಿಯನ್ನು ಮುಟ್ಟುವಂತಿರಲಿಲ್ಲ. ಜವಾನನು ಬಂದು ತಿರುಗಿಸಿದರೆ ನೀರುಂಟು, ಇಲ್ಲದಿದ್ದರೆ ಇಲ್ಲ. 1901ರಲ್ಲಿ ತಂದೆಯನ್ನು ಕಾಣಲು ಸಾತಾರೆಯಿಂದ ಹೊರಟ ಆ ಮಕ್ಕಳು ಮಸೂರ್ ನಿಲ್ದಾಣದಲ್ಲಿಳಿದಾಗ, ಜಾತಿಯನ್ನರಿತ ಗಾಡಿಯವರು ಅವರನ್ನು ಕರೆದೊಯ್ಯಲು ಒಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆ ತೆತ್ತು, ತಾವೇ ಗಾಡಿಯನ್ನು ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿಯಿದ್ದರೂ ಕುಡಿಯಲು ನೀರು ದೊರೆಯದೆ ಇರುಳೆಲ್ಲ ಹಸಿದೇ ಕಳೆದರು.

ಇದನ್ನು ಚಿತ್ರಿಸಿದ ಬಗೆಯು ಗಮನಾರ್ಹವಾದುದು. ಮೃದುವಾದ ಮಾತುಗಳು ಹಕ್ಕಿಯಾಕಾರದ ಆವರಣದಲ್ಲಿವೆ. ಅವಮಾನಿಸುವ ಮಾತುಗಳಿಗೆ ಚೇಳಿನ ಬಾಲವುಂಟು. ಅಕ್ಷರವರಿಯದ ಮಗುವೂ ಯಾವ ಮಾತು ಕುಟುಕಿತೆಂಬುದನ್ನು ಬಲ್ಲುದು. ರೈಲು ಹಾವಾಗಿದೆ; ಕೈಪಂಪಿನ ಹಿಡಿಯು ಆನೆಯ ಸೊಂಡಿಲಾಗಿದೆ. ಪುಟವನ್ನು ಚೌಕಗಳಾಗಿ ಕತ್ತರಿಸಿ ಪಾತ್ರಗಳನ್ನು ಅದರೊಳಗೆ ಕೂಡಿಹಾಕಲು ಈ ಕಲಾವಿದರು ಒಪ್ಪಲಿಲ್ಲ. ತಮ್ಮವರು ಮನೆಯ ಗೋಡೆ, ನೆಲಗಳ ಮೇಲೆ ಬರೆಯುವ ದಿಗ್ನಾ ರೇಖೆಗಳಿಂದಲೇ ಪುಟವನ್ನು ಬಿಡಿಬಿಡಿಯಾಗಿ ವಿಭಾಗಿಸಿದರು.

ಎಳೆಯರಿಗೆ ಇಂತಹ ಕಹಿಯನ್ನು ತೋರಿಸಬಾರದೆಂದು ಕೆಲವು ಹಿರಿಯರು ಹೇಳುವುದುಂಟು. ಆ ಕಹಿಯನ್ನುಂಡಾಗ ಭೀಮನಿಗೆ ಹತ್ತು ವರ್ಷದ ಆಸುಪಾಸಿನ ಪ್ರಾಯ. ಉಣಿಸಿದವರು ಆ ಎಳೆತನವನ್ನು ಎಣಿಸಲಿಲ್ಲ. ಅದೇ ಪ್ರಾಯದ ಮಗುವು ಅದನ್ನು ಚಿತ್ರದಲ್ಲಿ ಕಾಣಲೂಬಾರದೆಂಬುದು ಯಾವ ನ್ಯಾಯ?

ಆದರೆ ಚಿತ್ರವು ಪ್ರಶ್ನೆಯನ್ನು ಎಬ್ಬಿಸೀತೇ ಹೊರತು ಉತ್ತರವನ್ನು ಪೂರ್ತಿಯಾಗಿ ಹೇಳದು. “ಇವನಿಗೇಕೆ ನೀರು ಕೊಡಲಿಲ್ಲ?” ಎಂದು ಮಗುವು ಕೇಳಿದಾಗ ಹಿರಿಯರು ಪುಟವನ್ನು ಮಗುಚಿಹಾಕತಕ್ಕುದಲ್ಲ. ಹೇಳುವ ಉತ್ತರವು ಮನೆಯ ನೀರಿನ ಕೊಡದ ಬಳಿಯೂ ನಿಜವಾಗಿರತಕ್ಕುದು. ಏಕೆಂದರೆ, ಚಿತ್ರವನ್ನು ನೋಡಿ ಕಲಿತ ಕಣ್ಣಿನಿಂದಲೇ ಮಗುವು ಹಿರಿಯರ ನಡತೆಯನ್ನೂ ನೋಡುವುದು.