ತಂಡ ಯಾರದು? ಒಂದು ಫೈನಲ್ ಪಂದ್ಯದ ಕಥೆ



ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದುಂಡನೆಯ ಚೆಂಡು. ಅಮೆರಿಕದವರ ಫುಟ್‌ಬಾಲ್ ಬೇರೆಯೇ. ಅಲ್ಲಿ ಚೆಂಡಿನ ಎರಡು ತುದಿಗಳೂ ಚೂಪು. ಅದನ್ನು ಒದೆಯುವುದಕ್ಕಿಂತ ಕೈಯಿಂದ ಎಸೆಯುವುದು, ಎದೆಗವಚಿಕೊಂಡು ಓಡುವುದೇ ಹೆಚ್ಚು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಆಗದಿದ್ದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆ ದಾಟಿದರೆ 'ಟಚ್‌ಡೌನ್', ಆರು ಅಂಕ. ಕಂಬಗಳ ನಡುವೆ ಒದ್ದರೆ ಮೂರು. ಇಷ್ಟು ತಿಳಿದಿದ್ದರೆ 1958ರ ಡಿಸೆಂಬರ್ 28ರ ಪಂದ್ಯದ ಸ್ವಾರಸ್ಯ ಅರ್ಥವಾಗುತ್ತದೆ.

ಆ ಕಾಲಕ್ಕೆ ಅಮೆರಿಕದ ಮೆಚ್ಚಿನ ಆಟ ಬೇಸ್‌ಬಾಲ್. ಫುಟ್‌ಬಾಲ್‌ನಲ್ಲೂ ಮರ್ಯಾದೆ ಕಾಲೇಜು ತಂಡಗಳಿಗೇ. ಹಣಕ್ಕಾಗಿ ಆಡುವ ವೃತ್ತಿಪರರಲ್ಲಿ ಅನೇಕರು ಋತು ಮುಗಿದ ಮೇಲೆ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದರು. ಬಾಲ್ಟಿಮೋರ್ ಕೋಲ್ಟ್ಸ್ ತಂಡದ ನಾಯಕ ಆಟಗಾರ ಜಾನಿ ಯುನಿಟಾಸ್‌ನನ್ನೇ ನೋಡಿ. 1955ರಲ್ಲಿ ಪಿಟ್ಸ್‌ಬರ್ಗ್ ತಂಡ ಅವನನ್ನು ಕೈಬಿಟ್ಟಿತ್ತು. ಕಟ್ಟಡ ಕೆಲಸ ಮಾಡುತ್ತಾ, ಕೆಲವೇ ಡಾಲರ್‌ಗಳಿಗೆ ಸಣ್ಣ ತಂಡವೊಂದರಲ್ಲಿ ಆಡಿಕೊಂಡಿದ್ದವನು ಆತ.

ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಎದುರಾಳಿ, ಆ ಮಹಾನಗರದ್ದೇ ಆದ ಜೈಂಟ್ಸ್ ತಂಡ. ಪ್ರೇಕ್ಷಕರು 64,185. ವಿರಾಮಕ್ಕೆ 14-3ರ ಮುನ್ನಡೆ ಪಡೆದಿದ್ದ ಕೋಲ್ಟ್ಸ್, ಕೊನೆಯ ಘಟ್ಟದಲ್ಲಿ 14-17ರಿಂದ ಹಿಂದೆ ಬಿತ್ತು. ಉಳಿದದ್ದು ಎರಡು ನಿಮಿಷಕ್ಕೂ ಕಡಿಮೆ; ಚೆಂಡು ತಮ್ಮದೇ ಕೊನೆಯ ಗೆರೆಯಿಂದ 14 ಗಜದಲ್ಲಿ. ಯುನಿಟಾಸ್ ಎಸೆಯುತ್ತಾ ಹೋದ, ರೇಮಂಡ್ ಬೆರ್ರಿ ಹಿಡಿಯುತ್ತಾ ಹೋದ. ಏಳು ಸೆಕೆಂಡು ಉಳಿದಿರುವಾಗ ಸ್ಟೀವ್ ಮೈರಾ ಚೆಂಡನ್ನು ಕಂಬಗಳ ನಡುವೆ ಒದ್ದ. 17-17!

ಪಂದ್ಯ ಸಮವಾಯಿತು, ಇನ್ನು ಮನೆಗೆ ಹೋಗಬಹುದು ಎಂದುಕೊಂಡ ಆಟಗಾರರೂ ಇದ್ದರು. ಆದರೆ ಹೆಚ್ಚುವರಿ ಆಟದಲ್ಲಿ ಮೊದಲು ಅಂಕ ಗಳಿಸಿದವರೇ ವಿಜಯಿಗಳೆಂಬ ನಿಯಮವಿತ್ತು. ಚಾಂಪಿಯನ್‌ಷಿಪ್ ಪಂದ್ಯವೊಂದರಲ್ಲಿ ಅದು ಜಾರಿಗೆ ಬಂದದ್ದು ಅಂದೇ ಮೊದಲು. ಇನ್ನೇನು ಗೆಲುವು ಎನ್ನುವಾಗ ಕೇಬಲ್ ಕಳಚಿ ಟಿ.ವಿ. ಚಿತ್ರ ಮಾಯವಾಯಿತು. ಅಷ್ಟರಲ್ಲಿ ಒಬ್ಬಾತ ಮೈದಾನಕ್ಕೆ ನುಗ್ಗಿ ಆಟ ನಿಲ್ಲಿಸಿದ, ಆತ ಟಿ.ವಿ. ಸಂಸ್ಥೆಯವನೇ ಎಂಬ ಮಾತು ಇಂದಿಗೂ ಇದೆ. ಚಿತ್ರ ಮರಳಿತು. ಅಲನ್ ಅಮೀಚಿ ಒಂದು ಗಜ ನುಗ್ಗಿ ಗೆರೆ ದಾಟಿದ. ಕೋಲ್ಟ್ಸ್‌ಗೆ 23-17ರ ಜಯ.

ಈ ಪಂದ್ಯವನ್ನು ಮನೆಯಲ್ಲೇ ಕುಳಿತು ಕಂಡವರು ಸುಮಾರು ನಾಲ್ಕೂವರೆ ಕೋಟಿ ಎಂಬ ಅಂದಾಜಿದೆ. ಬಿಡುವು ಬಿಡುವಾಗಿ ಸಾಗುವ ಈ ಆಟ ಕಿರುತೆರೆಗೆ ಹೇಳಿ ಮಾಡಿಸಿದಂತಿತ್ತು. ಅಂದು ವೀಕ್ಷಿಸಿದವರಲ್ಲಿ ಟೆಕ್ಸಾಸ್‌ನ ಸಿರಿವಂತ ತರುಣ ಲಮಾರ್ ಹಂಟ್ ಒಬ್ಬ. ಮರುವರ್ಷವೇ ಆತ ಪ್ರತಿಸ್ಪರ್ಧಿ ಲೀಗ್ ಕಟ್ಟಿದ. ಎರಡು ಲೀಗ್‌ಗಳ ವಿಜೇತರ ನಡುವೆ 1967ರಲ್ಲಿ ಆರಂಭವಾದ ಪಂದ್ಯವೇ ಇಂದಿನ 'ಸೂಪರ್ ಬೌಲ್'. ನಡುವೆ, 1961ರಲ್ಲಿ, ಎಲ್ಲ ತಂಡಗಳ ಪ್ರಸಾರ ಹಕ್ಕನ್ನೂ ಲೀಗ್ ಒಟ್ಟಾಗಿ ಮಾರಲು ಕಾನೂನು ಅನುವು ಮಾಡಿಕೊಟ್ಟಿತು. ಹಣದ ಹೊಳೆಯೇ ಹರಿಯಿತು.

ಆದರೆ ಹಣ ಬಂದಲ್ಲಿ ಒಡೆತನದ ಪ್ರಶ್ನೆಯೂ ಬರುತ್ತದೆ. 1958ರ ಆ ರಾತ್ರಿ ಬಾಲ್ಟಿಮೋರ್‌ನ ಸಾವಿರಾರು ಜನ ವಿಮಾನ ನಿಲ್ದಾಣಕ್ಕೆ ನುಗ್ಗಿ 'ನಮ್ಮ ತಂಡ'ವನ್ನು ಬರಮಾಡಿಕೊಂಡರು. 1984ರ ಮಾರ್ಚ್‌ನ ಇನ್ನೊಂದು ರಾತ್ರಿ, ಮಾಲೀಕ ರಾಬರ್ಟ್ ಇರ್ಸೆ ತಂಡದ ಸಾಮಾನುಗಳನ್ನೆಲ್ಲ ಲಾರಿಗಳಿಗೆ ತುಂಬಿಸಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿದ. ಕ್ರೀಡಾಂಗಣದ ಬಗೆಗಿನ ತಕರಾರು ಅದಕ್ಕೆ ಕಾರಣ. ತಂಡದ ಹೆಸರೂ ಅದರೊಂದಿಗೇ ಹೋಯಿತು.

ಹೋಗದೆ ಉಳಿದದ್ದು ತಂಡದ ವಾದ್ಯಮೇಳ. ತಂಡವೇ ಇಲ್ಲದ ಊರಿನಲ್ಲಿ ಅದು ಹನ್ನೆರಡು ವರ್ಷ ನುಡಿಸುತ್ತಲೇ ಇತ್ತು. 1996ರಲ್ಲಿ ಕ್ಲೀವ್‌ಲ್ಯಾಂಡಿನ ತಂಡವೊಂದು ಅದೇ ರೀತಿ ತನ್ನ ಊರು ಬಿಟ್ಟು ಬಾಲ್ಟಿಮೋರ್‌ಗೆ ಬಂತು. ಒಂದು ಊರಿನ ಸಂಭ್ರಮ ಇನ್ನೊಂದು ಊರಿನ ಸೂತಕವಾಯಿತು. ಕಾಗದದ ಮೇಲೆ ತಂಡ ಮಾಲೀಕನದು. ಆದರೆ 2002ರಲ್ಲಿ ತೀರಿಕೊಂಡ ಯುನಿಟಾಸ್, ಕೊನೆಯವರೆಗೂ ತನ್ನನ್ನು ಬಾಲ್ಟಿಮೋರ್‌ನವನೆಂದೇ ಎಣಿಸಿದ. ಇಂಡಿಯಾನಾಪೊಲಿಸ್‌ನ ತಂಡವನ್ನು ತನ್ನದೆಂದು ಒಪ್ಪಲೇ ಇಲ್ಲ.