ಮರಸಾಲುಗಳ ನಡುವೆ ಸೋಯಾ: ನೆರಳು ಯಾರದು, ನಷ್ಟ ಯಾರದು?



ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯವು 1987ರಲ್ಲಿ ಒಂದು ದೀರ್ಘಾವಧಿ ಪ್ರಯೋಗವನ್ನು ಆರಂಭಿಸಿತು. ಪಾಪ್ಲರ್, ಕಪ್ಪು ವಾಲ್‌ನಟ್, ಮೇಪಲ್ ಮೊದಲಾದ ಮರಗಳನ್ನು 12.5 ಅಥವಾ 15 ಮೀಟರ್ ಅಂತರದ ಸಾಲುಗಳಲ್ಲಿ ನೆಟ್ಟು, ನಡುವಿನ ಪಟ್ಟಿಗಳಲ್ಲಿ ಸೋಯಾ ಅವರೆ, ಮೆಕ್ಕೆಜೋಳ, ಗೋಧಿ ಅಥವಾ ಬಾರ್ಲಿಯನ್ನು ಸರದಿಯಂತೆ ಬೆಳೆಯುವುದು ಅದರ ಕ್ರಮ. ಕೃಷಿ ಅರಣ್ಯವನ್ನು ಕುರಿತ ಉತ್ಸಾಹದ ಭಾಷಣಗಳು ಸಾಮಾನ್ಯವಾಗಿ ಮರೆಮಾಚುವ ಸಂಗತಿಯೊಂದನ್ನು ಈ ಹೊಲ ನೇರವಾಗಿ ಹೇಳುತ್ತದೆ: ಮರದ ಪಕ್ಕದಲ್ಲಿ ಸೋಯಾ ಇಳುವರಿ ಕುಗ್ಗುತ್ತದೆ.

ಅಲ್ಲಿ ಮುಖ್ಯ ಪೈಪೋಟಿ ನಡೆಯುವುದು ನೀರಿಗಿಂತ ಹೆಚ್ಚಾಗಿ ಬೆಳಕಿಗಾಗಿ. ಸೋಯಾದ ಎಲೆಗೆ ಪೂರ್ಣ ಬಿಸಿಲು ಬೇಕಿಲ್ಲ. ಅದಕ್ಕೂ ಕಡಿಮೆ ಬೆಳಕಿನಲ್ಲೇ ಅದರ ದ್ಯುತಿಸಂಶ್ಲೇಷಣೆ ಗರಿಷ್ಠ ಮಟ್ಟವನ್ನು ಮುಟ್ಟುತ್ತದೆ. ಆದ್ದರಿಂದ ತುಸು ನೆರಳನ್ನು ಅದು ಮೆಕ್ಕೆಜೋಳಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೂ ಸಾಲಿಗೆ ಅಂಟಿಕೊಂಡ ಒಂದೆರಡು ಮೀಟರ್ ಜಾಗದಲ್ಲಿ ಗಿಡ ಸೊರಗುತ್ತದೆ, ಮರ ಬೆಳೆದಷ್ಟೂ ಆ ಪಟ್ಟಿ ಅಗಲವಾಗುತ್ತದೆ. ವಾಲ್‌ನಟ್ ತಡವಾಗಿ ಚಿಗುರಿ ಬೇಗ ಎಲೆ ಉದುರಿಸುವುದರಿಂದ ಕೊಂಚ ದಯಾಳು ಎನ್ನಬಹುದು. ಮಳೆಯಾಶ್ರಿತ ಬೀದರಿನ ಕಪ್ಪು ನೆಲದಲ್ಲಾದರೆ ನೀರಿನ ಜಗಳವೇ ಮುಂದೆ ಬರಬಹುದು.

ನಷ್ಟಕ್ಕೆ ಪ್ರತಿಯಾಗಿ ಮಣ್ಣಿಗೆ ದೊರೆಯುವುದೂ ಉಂಟು. ಉದುರಿದ ಪಾಪ್ಲರ್ ಎಲೆ ಕೊಳೆತು ಸಾಲಿನ ಸಮೀಪದ ಮಣ್ಣಿನಲ್ಲಿ ನೈಟ್ರೇಟ್ ಹೆಚ್ಚಿತು, ಎರೆಹುಳುಗಳೂ ಹೆಚ್ಚಿದವು. ಬೆಳೆಯ ಬೇರಿಗೆ ಸಿಗದೆ ಕೆಳಗಿಳಿಯುವ ಸಾರಜನಕವನ್ನು ಮರದ ಆಳದ ಬೇರು ಹಿಡಿದಿಡುತ್ತದೆ. ಸೋಯಾ ತಾನೇ ನೆಲಕ್ಕೆ ಸಾರಜನಕ ತುಂಬುತ್ತದೆಂಬ ಜನಪ್ರಿಯ ನಂಬಿಕೆ ಮಾತ್ರ ಅತಿಶಯೋಕ್ತಿ. ಬೇರುಗಂಟುಗಳು ಗಾಳಿಯಿಂದ ಹಿಡಿದುಕೊಟ್ಟದ್ದರಲ್ಲಿ ಬಹುಪಾಲು ಕಾಳಿನೊಡನೆ ಮಾರುಕಟ್ಟೆಗೆ ಹೊರಟುಹೋಗುತ್ತದೆ.

ಇಷ್ಟೆಲ್ಲ ತಿಳಿದೂ ಅಮೆರಿಕದ ಸೋಯಾ ಸೀಮೆಯಲ್ಲಿ ಮರಸಾಲುಗಳು ಏಕೆ ಅಪರೂಪ? ದೈತ್ಯ ಯಂತ್ರಗಳು ಒಂದು ಕಾರಣ. ಅದಕ್ಕಿಂತ ಆಳದ ಕಾರಣ ಗೇಣಿ. ಆ ದೇಶದ ಕೃಷಿಭೂಮಿಯಲ್ಲಿ ಸುಮಾರು ಶೇ. 40ರಷ್ಟು ಗೇಣಿಯದು, ಅಯೋವಾದಲ್ಲಿ ಅದು ಅರ್ಧವನ್ನೂ ಮೀರುತ್ತದೆ. ವಾಲ್‌ನಟ್ ಮರ ನಾಟಾ ಆಗಲು ದಶಕಗಳು ಬೇಕು. ಮುಂದಿನ ವರ್ಷ ಇದೇ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ತಿಳಿಯದ ಗೇಣಿದಾರ ಅದನ್ನು ನೆಡುವನೆಂದು ನಿರೀಕ್ಷಿಸುವುದು ಕ್ರೌರ್ಯ.

ಈ ಗಂಟು ಕರ್ನಾಟಕದಲ್ಲಿ ಇನ್ನೂ ಬಿಗಿಯಾಗಿದೆ. ಬೀದರ, ಬೆಳಗಾವಿ, ಧಾರವಾಡಗಳಲ್ಲಿ ಸೋಯಾ ಇಂದು ಮುಂಗಾರಿನ ಮುಖ್ಯ ಬೆಳೆಗಳಲ್ಲೊಂದು. 1994ರಲ್ಲಿ ಅಧಿಸೂಚಿತವಾದ ಜೆಎಸ್-335 ತಳಿ ನೂರು ದಿನದೊಳಗೆ ಕೈಗೆ ಬರುತ್ತದೆ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಗೇಣಿಯನ್ನು ರದ್ದುಪಡಿಸಿತು. ಉಳುವವನನ್ನು ಹೊಲದೊಡೆಯನನ್ನಾಗಿಸಿದ ಆ ಕಾಯ್ದೆಯ ಹಿರಿಮೆಯನ್ನು ಕಿರಿದುಗೊಳಿಸುವ ಅಗತ್ಯವಿಲ್ಲ. ಆದರೆ ಆನಂತರ ಹುಟ್ಟಿದ ಗೇಣಿ ಸಾಯಲಿಲ್ಲ, ಬಾಯಿಮಾತಿಗೆ ಇಳಿಯಿತು. ಉತ್ತರ ಕರ್ನಾಟಕದಲ್ಲಿ ಅದರ ಹೆಸರು ಲಾವಣಿ. ಲಾವಣಿದಾರನ ಹೆಸರು ಉತಾರದಲ್ಲಿಲ್ಲ. ಬೆಳೆಸಾಲ, ವಿಮೆ, ಪರಿಹಾರ ಎಲ್ಲವೂ ಉತಾರದ ಹೆಸರನ್ನೇ ಹುಡುಕಿಕೊಂಡು ಹೋಗುತ್ತವೆ. ಅವನು ಮರ ನೆಟ್ಟರೆ ಅದು ಹಕ್ಕು ಸ್ಥಾಪನೆಯ ಹುನ್ನಾರವೆಂದು ಒಡೆಯನಿಗೆ ಅನುಮಾನ. ಒಡೆಯನೇ ನೆಟ್ಟರೆ, ಸಾಲಿನ ಪಕ್ಕದ ಸೋಯಾ ಕಳೆದುಕೊಳ್ಳುವವನು ಲಾವಣಿದಾರ, ಮುಂದೊಂದು ದಿನ ನಾಟಾ ಮಾರುವವನು ಒಡೆಯ.

ಆ ಒಡೆಯ ಯಾರೆಂಬುದು ಅನಿವಾಸಿ ಕನ್ನಡಿಗರ ಸಭೆಯಲ್ಲಿ ಕೇಳಲೇಬೇಕಾದ ಪ್ರಶ್ನೆ. ಭಾರತೀಯ ಕಾನೂನು ಅನಿವಾಸಿಗಳಿಗೆ ಕೃಷಿಭೂಮಿ ಕೊಳ್ಳಲು ಬಿಡುವುದಿಲ್ಲ, ಪಿತ್ರಾರ್ಜಿತವಾಗಿ ಪಡೆಯಲು ಬಿಡುತ್ತದೆ. ಟೊರಾಂಟೊದಲ್ಲೋ ದುಬೈಯಲ್ಲೋ ಕುಳಿತು ಹವಾಮಾನ ನ್ಯಾಯದ ಬಗ್ಗೆ ಬರೆಯುವವರ ಹೆಸರೇ ಎಷ್ಟೋ ಉತಾರಗಳಲ್ಲಿದೆ. ರಜೆಯಲ್ಲಿ ಊರಿಗೆ ಹೋದಾಗ ಹೊಲದ ತುಂಬ ತೇಗ ನೆಡಿಸಿ, ನೋಡಿಕೊಳ್ಳಲು ಹೇಳಿ ಬರುವುದು ಸುಲಭ. ಆ ನೋಡಿಕೊಳ್ಳುವಿಕೆಗೆ ಕೂಲಿಯಿಲ್ಲ, ನೆರಳಿಗೆ ಸಿಕ್ಕ ಬೆಳೆಗೆ ಲಾವಣಿಯಲ್ಲಿ ವಿನಾಯಿತಿಯೂ ಇಲ್ಲ.

ಭಾರತವು 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನು ರೂಪಿಸಿತು. ನೀತಿ ಆಯೋಗ 2016ರಲ್ಲಿ ಮುಂದಿಟ್ಟ ಮಾದರಿ ಗೇಣಿ ಕಾಯ್ದೆಯಲ್ಲಿ, ಗೇಣಿ ಮುಗಿದಾಗ ಗೇಣಿದಾರ ಹೂಡಿದ್ದರ ಉಳಿಕೆ ಮೌಲ್ಯವನ್ನು ಅವನಿಗೆ ಹಿಂದಿರುಗಿಸುವ ಅಂಶವಿದೆ. ಅದೇ ಬಾಗಿಲಿನಿಂದ ಕಂಪನಿಗಳೂ ಒಳಬರಬಹುದೆಂಬ ಎಡಪಂಥೀಯರ ಆತಂಕ ನಿರಾಧಾರವಲ್ಲ. ಮಿತಿಯಿಟ್ಟು, ಸಣ್ಣ ಲಾವಣಿದಾರನಿಗಷ್ಟೇ ಆ ರಕ್ಷಣೆ ದೊರೆಯುವಂತೆ ಒತ್ತಾಯಿಸುವುದು ಪ್ರಗತಿಪರರ ಕೆಲಸ. ಕಾನೂನು ಬದಲಾಗುವವರೆಗೂ ಕಾಯಬೇಕಿಲ್ಲದ ಮಾತೂ ಒಂದಿದೆ. ಯುಗಾದಿಯ ಹೊತ್ತಿಗೆ ಲಾವಣಿಯ ಮಾತುಕತೆ ಹೇಗೂ ಫೋನಿನಲ್ಲಿ ನಡೆಯುತ್ತದೆ. ಮರಸಾಲಿನ ನೆರಳು ನುಂಗುವ ಗುಂಟೆಗಳೆಷ್ಟು, ಅದಕ್ಕೆ ಲಾವಣಿಯಲ್ಲಿ ಬಿಡುವುದೆಷ್ಟು, ನಾಟಾ ಮಾರಿದಾಗ ಸಾಕಿದವನ ಪಾಲೆಷ್ಟು ಎಂಬುದನ್ನು ಆಗಲೇ ಕೇಳಬಹುದು.